ಇಂಡೀ ರಾಕ್: ಕಾಸಿಲ್ಲದವರ ವಿಡಿಯೋ ಒಂದು ಶೈಲಿಯಾದ ಕಥೆ

ಯಾವುದೇ ಮ್ಯೂಸಿಕ್ ಆಪ್ ತೆರೆದು ನೋಡಿ. ರಾಕ್, ಜಾಝ್, ಜಾನಪದ, ಭಕ್ತಿಗೀತೆಗಳ ಸಾಲಿನಲ್ಲೇ ‘ಇಂಡೀ’ ಅಂತಲೂ ಒಂದು ಡಬ್ಬಿ ಇರುತ್ತದೆ. ಅದರೊಳಗೆ ಏನು ಸಿಗುತ್ತದೆ ಎಂಬುದನ್ನು ಹಾಡು ಕೇಳುವ ಮೊದಲೇ ಊಹಿಸಬಹುದು. ತುಸು ಮಂಕಾದ ಬಣ್ಣ, ಹಳೇ ಸ್ವೆಟರ್ ಹಾಕಿದ ಹುಡುಗರು, ಅಲುಗಾಡುವ ಕ್ಯಾಮೆರಾ, ಖಾಲಿ ರಸ್ತೆ, ಹಾಡುವವನ ಮುಖದಲ್ಲಿ ‘ನನಗೇನೂ ಆಗಬೇಕಿಲ್ಲ’ ಎಂಬ ಭಾವ.

ಆದರೆ ಇಂಡೀ ಎಂಬುದು ಇಂಡಿಪೆಂಡೆಂಟ್ ಎಂಬ ಪದದ ಮೋಟು ರೂಪ. ಸ್ವತಂತ್ರ ಅಂತ ಅರ್ಥ. ಶುರುವಿನಲ್ಲಿ ಆ ಪದಕ್ಕೂ ಸ್ವೆಟರಿಗೂ ಯಾವ ಸಂಬಂಧವೂ ಇರಲಿಲ್ಲ. ರೆಕಾರ್ಡನ್ನು ಅಂಗಡಿಗೆ ತಲುಪಿಸುವ ವ್ಯಾನು ಯಾರದ್ದು ಎಂಬ ಪ್ರಶ್ನೆಗೆ ಅದು ಉತ್ತರವಾಗಿತ್ತು. ವ್ಯಾನಿನ ಪ್ರಶ್ನೆ ಸ್ವೆಟರಿನ ಪ್ರಶ್ನೆಯಾಗಿ ಬದಲಾದದ್ದು ಹೇಗೆ ಎಂಬುದೇ ಇಂಡೀ ರಾಕ್‌ನ ಇತಿಹಾಸ. ಮ್ಯೂಸಿಕ್ ವಿಡಿಯೋಗಳಲ್ಲಿ ಈ ಬದಲಾವಣೆ ಕಣ್ಣಿಗೆ ಕಾಣುವಂತೆ ದಾಖಲಾಗಿದೆ.

ಐನೂರು ಪೌಂಡಿನ ಸಾಲ

1976ರ ಡಿಸೆಂಬರ್ ಕೊನೆಯಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್ ನಗರದ ಬಝ್‌ಕಾಕ್ಸ್ ಎಂಬ ಬ್ಯಾಂಡ್ ಒಂದೇ ದಿನದಲ್ಲಿ ನಾಲ್ಕು ಹಾಡು ರೆಕಾರ್ಡ್ ಮಾಡಿತು. ಕಂಪನಿಗಳ ಬಾಗಿಲು ತಟ್ಟುತ್ತಾ ಕೂರಲಿಲ್ಲ. ಮನೆಯವರು, ಗೆಳೆಯರ ಹತ್ತಿರ ಸುಮಾರು 500 ಪೌಂಡ್ ಸಾಲ ಎತ್ತಿ, ‘ನ್ಯೂ ಹಾರ್ಮೋನ್ಸ್’ ಅಂತ ತಮ್ಮದೇ ಲೇಬಲ್ ಹೆಸರಿಟ್ಟು, 1977ರ ಜನವರಿಯಲ್ಲಿ ‘ಸ್ಪೈರಲ್ ಸ್ಕ್ರಾಚ್’ ಹೊರತಂದರು. ಮೊದಲು ಒತ್ತಿಸಿದ್ದು ಸಾವಿರ ಪ್ರತಿ. ಕೊನೆಗೆ ಮಾರಾಟವಾದದ್ದು ಸುಮಾರು 16,000.

ಮುಖಪುಟದ ಚಿತ್ರ ಬ್ಯಾಂಡಿನ ಮ್ಯಾನೇಜರ್ ನಗರದ ಒಂದು ಪ್ರತಿಮೆಯ ಬಳಿ ಪೋಲರಾಯ್ಡ್ ಕ್ಯಾಮೆರಾದಲ್ಲಿ ತೆಗೆದದ್ದು. ಅದಕ್ಕಿಂತ ಮುಖ್ಯವಾದದ್ದು ಕವರಿನ ಮೇಲಿದ್ದ ಬರಹ. ಯಾವ ಹಾಡು ಎಷ್ಟನೇ ಸಲಕ್ಕೆ ಸರಿ ಬಂತು, ಆಮೇಲೆ ಅದರ ಮೇಲೆ ಎಷ್ಟು ಸೇರಿಸಿದೆವು ಎಂಬುದನ್ನೆಲ್ಲ ಅಚ್ಚು ಹಾಕಿಸಿದ್ದರು. ಮರುವರ್ಷ ಸ್ಕ್ರಿಟ್ಟಿ ಪೊಲಿಟ್ಟಿ ಎಂಬ ಬ್ಯಾಂಡು ಇನ್ನೂ ಮುಂದೆ ಹೋಗಿ ಒಂದು ರೆಕಾರ್ಡ್ ಮಾಡಲು ತಗುಲಿದ ಖರ್ಚಿನ ಪಟ್ಟಿಯನ್ನೇ ಕವರಿನ ಮೇಲೆ ಹಾಕಿತು. ಸ್ಟುಡಿಯೋಗೆ ಇಷ್ಟು, ಒತ್ತಿಸಲು ಇಷ್ಟು, ಲೇಬಲ್ ಅಚ್ಚಿಗೆ ಇಷ್ಟು. ನೀವೂ ಮಾಡಿ ಎಂಬುದೇ ಅದರ ಅರ್ಥ. ನಮ್ಮ ಗಳಗನಾಥರು ತಾವೇ ಬರೆದು, ಅಚ್ಚು ಹಾಕಿಸಿ, ಪುಸ್ತಕದ ಗಂಟು ಹೊತ್ತು ಊರೂರು ತಿರುಗಿ ಮಾರಿದ್ದನ್ನು ಓದಿದವರಿಗೆ ಈ ಛಲ ಹೊಸದಲ್ಲ.

ಬಝ್‌ಕಾಕ್ಸ್ ಕೂಡ ಅದೇ ವರ್ಷದ ಆಗಸ್ಟಿನಲ್ಲಿ ದೊಡ್ಡ ಕಂಪನಿಯೊಂದಕ್ಕೆ ಸಹಿ ಹಾಕಿತು ಎಂಬುದನ್ನೂ ಹೇಳಬೇಕು. ಆದರೂ ದಾರಿ ಇದೆ ಎಂದು ತೋರಿಸಿಕೊಟ್ಟಾಗಿತ್ತು.

ಹಾಡಿಗಿಂತ ವಿತರಣೆ ಮುಖ್ಯ

ಸಾವಿರ ಪ್ರತಿ ಒತ್ತಿಸುವುದು ಸುಲಭ. ಅದನ್ನು ದೂರದ ಊರಿನ ಅಂಗಡಿಗೆ ಮುಟ್ಟಿಸುವುದು ಕಷ್ಟ. ಪತ್ರಿಕೆ ನಡೆಸಿದ ಯಾರನ್ನು ಕೇಳಿದರೂ ಇದನ್ನೇ ಹೇಳುತ್ತಾರೆ. ಲಂಡನ್ನಿನಲ್ಲಿ ಜೆಫ್ ಟ್ರಾವಿಸ್ 1976ರಲ್ಲಿ ತೆರೆದ ‘ರಫ್ ಟ್ರೇಡ್’ ಅಂಗಡಿ ಇಲ್ಲಿ ಕೈಹಿಡಿಯಿತು. 1978ರಲ್ಲಿ ಅದೇ ಹೆಸರಿನ ಲೇಬಲ್ ಶುರುವಾಯಿತು. ಆಮೇಲೆ ಬ್ರಿಸ್ಟಲ್, ಯಾರ್ಕ್, ಲಿವರ್‌ಪೂಲ್, ನಾರಿಚ್, ಎಡಿನ್‌ಬರೋ ಮುಂತಾದ ಊರುಗಳ ವಿತರಕರ ಜೊತೆ ಸೇರಿ ‘ಕಾರ್ಟೆಲ್’ ಎಂಬ ಜಾಲ ಕಟ್ಟಿದರು. ಲಂಡನ್ನಿನ ದೊಡ್ಡ ಕಂಪನಿಗಳ ಗೋದಾಮು ಮುಟ್ಟದೆಯೇ ಒಂದು ರೆಕಾರ್ಡ್ ಇಡೀ ದೇಶ ಸುತ್ತುವುದು ಇದರಿಂದ ಸಾಧ್ಯವಾಯಿತು.

1980ರ ಜನವರಿಯಲ್ಲಿ ಬ್ರಿಟನ್ನಿನಲ್ಲಿ ಮೊದಲ ಇಂಡೀ ಚಾರ್ಟ್ ಪ್ರಕಟವಾಯಿತು. ಅದರ ನಿಯಮ ಗಮನಿಸಿ. ಗಿಟಾರ್ ಇರಬೇಕು, ದುಃಖ ಇರಬೇಕು ಅಂತ ಎಲ್ಲೂ ಇರಲಿಲ್ಲ. ರೆಕಾರ್ಡನ್ನು ದೊಡ್ಡ ಕಂಪನಿಗಳ ಹೊರಗಿನವರು ವಿತರಿಸಿರಬೇಕು, ಅಷ್ಟೇ. ಹಾಗಾಗಿ ಎಂಬತ್ತರ ದಶಕದ ಕೊನೆಯಲ್ಲಿ ಕೈಲಿ ಮಿನೋಗ್ ಅವರ ಥಳಕಿನ ಪಾಪ್ ಹಾಡುಗಳೂ ಇಂಡೀ ಚಾರ್ಟಿನ ಮೇಲ್ತುದಿಯಲ್ಲಿದ್ದವು. ಅವರ ಲೇಬಲ್ಲಿನ ವಿತರಣೆ ಸ್ವತಂತ್ರ ಸಂಸ್ಥೆಯದ್ದಾಗಿತ್ತು. ಗಿಟಾರ್ ಹುಡುಗರಿಗೆ ಇದು ನುಂಗಲಾರದ ತುತ್ತು. ಅಂಥ ಹೊತ್ತಿಗಾಗಲೇ ಪದದ ಅರ್ಥ ಜಾರತೊಡಗಿತ್ತು. 1986ರಲ್ಲಿ ಎನ್‌ಎಂಇ ಪತ್ರಿಕೆ 22 ಬ್ಯಾಂಡುಗಳ ಹಾಡು ಸೇರಿಸಿ ‘ಸಿ86’ ಎಂಬ ಕ್ಯಾಸೆಟ್ ತಂದಿತು. ಅದರಲ್ಲಿ ಬಗೆಬಗೆಯ ಹಾಡುಗಳಿದ್ದರೂ, ಝಣಝಣ ಗಿಟಾರ್, ನಾಚಿಕೆಯ ದನಿ, ತುಸು ಅಡ್ಡಾದಿಡ್ಡಿ ತಾಳ ಇವೇ ಇಂಡೀ ಎಂಬ ಮಾತು ಅಲ್ಲಿಂದ ಗಟ್ಟಿಯಾಯಿತು.

ಕ್ಯಾಮೆರಾ ಬಂತು

1981ರ ಆಗಸ್ಟ್ 1ರಂದು ಅಮೆರಿಕದಲ್ಲಿ ಎಂಟಿವಿ ಶುರುವಾಯಿತು. ಇನ್ನು ಮುಂದೆ ಹಾಡಿಗೆ ಮುಖವೂ ಬೇಕು ಎಂದಾಯಿತು. ದೊಡ್ಡ ಕಂಪನಿಗಳು ದುಡ್ಡು ಸುರಿದವು. ಡುರಾನ್ ಡುರಾನ್ ಬ್ಯಾಂಡು ವಿಡಿಯೋಗೆಂದು ಶ್ರೀಲಂಕಾಕ್ಕೆ ಹೋಗಿ ಕಾಡು, ಆನೆ, ಸಂತೆ ಚಿತ್ರಿಸಿಕೊಂಡು ಬಂತು.

ಕಾಸಿಲ್ಲದವರು ಏನು ಮಾಡಬೇಕು? ಉತ್ತರ ಎಂಟಿವಿಗಿಂತ ಮೊದಲೇ ಸಿಕ್ಕಿತ್ತು. ಮ್ಯಾಂಚೆಸ್ಟರಿನ ಫ್ಯಾಕ್ಟರಿ ಲೇಬಲ್ಲಿನ ಜಾಯ್ ಡಿವಿಷನ್ ಬ್ಯಾಂಡ್ 1980ರ ಏಪ್ರಿಲ್‌ನಲ್ಲಿ ‘ಲವ್ ವಿಲ್ ಟೇರ್ ಅಸ್ ಅಪಾರ್ಟ್’ ಹಾಡಿಗೆ ತಾವು ಅಭ್ಯಾಸ ಮಾಡುತ್ತಿದ್ದ ಜಾಗದಲ್ಲೇ ವಿಡಿಯೋ ಮಾಡಿತು. ಹಳೇ ಕಟ್ಟಡ, ಮಂಕು ಬೆಳಕು, ವಾದ್ಯಗಳು, ನಾಲ್ಕು ಜನ. ಕಥೆಯಿಲ್ಲ, ನರ್ತಕಿಯರಿಲ್ಲ, ಕ್ಯಾಮೆರಾಗೆ ನಗುವವರೂ ಇಲ್ಲ. ಮೇ 18ರಂದು ಗಾಯಕ ಇಯಾನ್ ಕರ್ಟಿಸ್ ತೀರಿಕೊಂಡರು. ಹೀಗಾಗಿ ಆ ಬಡ ವಿಡಿಯೋಗೆ ಯಾರೂ ಉದ್ದೇಶಿಸದ ಒಂದು ಗಾಂಭೀರ್ಯ ಬಂತು. ಮುಂದಿನ ನೂರಾರು ಬ್ಯಾಂಡುಗಳಿಗೆ ಅಭ್ಯಾಸದ ಕೋಣೆಯೇ ಸತ್ಯದ ಜಾಗ ಎನಿಸಿತು.

ಉಳಿದ ಮೂವರು ನ್ಯೂ ಆರ್ಡರ್ ಎಂಬ ಹೆಸರಿನಲ್ಲಿ ಮುಂದುವರಿದರು. 1985ರಲ್ಲಿ ‘ದ ಪರ್ಫೆಕ್ಟ್ ಕಿಸ್’ ಹಾಡಿಗೆ ಜೊನಾಥನ್ ಡೆಮಿ ಎಂಬ ಸಿನಿಮಾ ನಿರ್ದೇಶಕ ಮತ್ತೆ ಅಭ್ಯಾಸದ ಕೋಣೆಗೇ ಬಂದರು. ಹಾಡಿಗೆ ತುಟಿ ಕುಣಿಸುವುದಲ್ಲ, ನಿಜವಾಗಿ ನುಡಿಸುವುದು. ಗುಂಡಿ ಒತ್ತುವ ಬೆರಳು, ತನ್ನ ಸರದಿಗೆ ಕಾಯುವ ಕಣ್ಣು ಇಷ್ಟನ್ನೇ ಹತ್ತಿರದಿಂದ ತೋರಿಸಿದರು. ಆ ವಿಡಿಯೋ ನೋಡಿದರೆ ಸಂಗೀತವೂ ಒಂದು ಕೈಕೆಲಸ, ಮಗ್ಗದ ಕೆಲಸದ ಹಾಗೆ ಎನ್ನಿಸುತ್ತದೆ.

ಬೇಡ ಅನ್ನುವುದೂ ಒಂದು ರೂಢಿ

ರಫ್ ಟ್ರೇಡ್‌ನ ದೊಡ್ಡ ಹೆಸರಾದ ದ ಸ್ಮಿತ್ಸ್ ಶುರುವಿನಲ್ಲಿ ವಿಡಿಯೋನೇ ಬೇಡ ಎಂದಿತ್ತು. ‘ಹೌ ಸೂನ್ ಈಸ್ ನೌ?’ ಹಾಡಿಗೆ ಅಮೆರಿಕದ ಸೈರ್ ಕಂಪನಿ ಬ್ಯಾಂಡಿನ ಒಪ್ಪಿಗೆ ಇಲ್ಲದೆಯೇ ಒಂದು ವಿಡಿಯೋ ಮಾಡಿ ಬಿಟ್ಟಿತು. ಸ್ವಾತಂತ್ರ್ಯದ ಮಿತಿ ಗೊತ್ತಾಗುವುದೇ ಇಂಥ ಕಡೆ. ಒಂದು ದೇಶದಲ್ಲಿ ನೀವು ಸ್ವತಂತ್ರರು, ಸಮುದ್ರ ದಾಟಿದರೆ ನಿಮ್ಮ ಮುಖ ಇನ್ನೊಬ್ಬರ ಕೈಯಲ್ಲಿ. ಮುಂದೆ 1986ರಲ್ಲಿ ಅವರು ಡೆರೆಕ್ ಜಾರ್ಮನ್ ಎಂಬ ಚಿತ್ರಕಾರ-ನಿರ್ದೇಶಕನಿಗೆ ಮೂರು ಹಾಡು ಕೊಟ್ಟರು. ಅವರು ಮಾಡಿದ್ದು ಜಾಹೀರಾತಲ್ಲ, ಒಂದು ಕಿರುಚಿತ್ರ.

ಅಮೆರಿಕದ ಮಿನಿಯಾಪೊಲಿಸ್‌ನ ರಿಪ್ಲೇಸ್‌ಮೆಂಟ್ಸ್ ಊರಿನ ಸಣ್ಣ ಲೇಬಲ್ ಬಿಟ್ಟು ಅದೇ ಸೈರ್ ಕಂಪನಿಗೆ ಹೋಯಿತು. 1985ರಲ್ಲಿ ವಿಡಿಯೋ ಮಾಡಲೇಬೇಕು ಎಂದಾಗ ‘ಬಾಸ್ಟರ್ಡ್ಸ್ ಆಫ್ ಯಂಗ್’ ಹಾಡಿಗೆ ಕೊಟ್ಟದ್ದು ಕಪ್ಪು ಬಿಳುಪಿನ ಒಂದು ಸ್ಪೀಕರ್! ಹಾಡು ಮುಗಿಯುವ ತನಕ ಅದನ್ನೇ ನೋಡಬೇಕು. ಒಬ್ಬ ಬಂದು ಸೋಫಾದಲ್ಲಿ ಕೂತು ಸಿಗರೇಟು ಸೇದುತ್ತಾನೆ. ಕೊನೆಗೆ ಸ್ಪೀಕರಿಗೆ ಒದ್ದು ಹೋಗುತ್ತಾನೆ.

ವಿಡಿಯೋದಲ್ಲೇ ವಿಡಿಯೋವನ್ನು ಗೇಲಿ ಮಾಡುವ ಚಾಳಿ ಬೆಳೆದದ್ದು ಹೀಗೆ. 1994ರಲ್ಲಿ ಪೇವ್‌ಮೆಂಟ್ ಬ್ಯಾಂಡಿನ ‘ಕಟ್ ಯುವರ್ ಹೇರ್’ ಬಂತು. ಸಂಗೀತದ ವ್ಯಾಪಾರದಲ್ಲಿ ಮುಖ, ಕೂದಲು ಮುಖ್ಯವಾದದ್ದನ್ನು ಆಡಿಕೊಳ್ಳುವ ಹಾಡು. ವಿಡಿಯೋದಲ್ಲಿ ಇರುವುದಿಷ್ಟೆ: ಬ್ಯಾಂಡಿನವರು ಒಬ್ಬೊಬ್ಬರಾಗಿ ಬಂದು ಕ್ಷೌರದಂಗಡಿಯ ಕುರ್ಚಿಯಲ್ಲಿ ಕೂರುತ್ತಾರೆ. 1997ರಲ್ಲಿ ಯೊ ಲಾ ಟೆಂಗೊ ‘ಶುಗರ್‌ಕ್ಯೂಬ್’ ವಿಡಿಯೋದಲ್ಲಿ ಕಂಪನಿಯವನು ಬ್ಯಾಂಡನ್ನು ರಾಕ್ ಸ್ಟಾರ್ ಆಗುವ ಶಾಲೆಗೆ ಕಳಿಸುತ್ತಾನೆ. ಮೂವರೂ ಪಾಪದ ವಿದ್ಯಾರ್ಥಿಗಳಂತೆ ಬೆಂಚಿನಲ್ಲಿ ಕೂತಿರುತ್ತಾರೆ.

ಈ ರೂಢಿಗಳನ್ನು ಸಾಲಾಗಿ ಇಟ್ಟು ನೋಡಿದರೆ ಒಂದೊಂದರ ಹಿಂದೆಯೂ ಒಂದು ಕೊರತೆ ಇದೆ. ಸೆಟ್ ಹಾಕಲು ದುಡ್ಡಿಲ್ಲ, ಹಾಗಾಗಿ ಅಭ್ಯಾಸದ ಕೋಣೆ. ಒಳ್ಳೆಯ ಫಿಲ್ಮ್ ಇಲ್ಲ, ಹಾಗಾಗಿ ಕಾಳುಕಾಳು ಚಿತ್ರ. ದೊಡ್ಡ ತಂಡವಿಲ್ಲ, ಹಾಗಾಗಿ ಕೈಯಲ್ಲಿ ಹಿಡಿದ ಕ್ಯಾಮೆರಾ. ನಟನೆ ಬರುವುದಿಲ್ಲ, ಹಾಗಾಗಿ ನಿರ್ಭಾವ ಮುಖ. ಕೊರತೆಯನ್ನು ಮುಚ್ಚಿಡದೆ ಎದುರಿಗಿಟ್ಟದ್ದೇ ಅವರ ಜಾಣತನ. ‘ದುಡ್ಡು ಇಲ್ಲದ್ದು’ ನೋಡುವವರ ಕಣ್ಣಿಗೆ ‘ಸುಳ್ಳು ಇಲ್ಲದ್ದು’ ಆಯಿತು.

ಬಡತನವನ್ನು ಕೊಂಡವರು

ಆದರೆ ರೂಢಿ ಎಂದಮೇಲೆ ಅದನ್ನು ಯಾರು ಬೇಕಾದರೂ ಕಲಿಯಬಹುದು. 1991ರಲ್ಲಿ ನಿರ್ವಾಣ ಬ್ಯಾಂಡಿನ ‘ಸ್ಮೆಲ್ಸ್ ಲೈಕ್ ಟೀನ್ ಸ್ಪಿರಿಟ್’ ಬಂತು. ಶಾಲೆಯ ಆಟದ ಹಾಲ್, ಕಂದು ಬೆಳಕು, ಹಳೇ ಬಟ್ಟೆ, ಕೊನೆಗೆ ಎಲ್ಲ ಚೆಲ್ಲಾಪಿಲ್ಲಿ. ನೋಡಲು ಇಂಡೀ, ಆದರೆ ಹಿಂದೆ ಇದ್ದದ್ದು ಗೆಫೆನ್ ಕಂಪನಿ. ಇದೇ ಬ್ಯಾಂಡಿನ ಮೊದಲ ಆಲ್ಬಂ ‘ಬ್ಲೀಚ್’ ಸಬ್ ಪಾಪ್ ಎಂಬ ಸಣ್ಣ ಲೇಬಲ್ಲಿನಿಂದ ಬಂದಿತ್ತು. ಅದರ ರೆಕಾರ್ಡಿಂಗ್ ಖರ್ಚು ಬರೀ 606 ಡಾಲರ್ ಚಿಲ್ಲರೆ. ಆಮೇಲೆ ದೊಡ್ಡ ಕಂಪನಿಗಳು ಈ ನೋಟಕ್ಕೇ ಮುಗಿಬಿದ್ದವು. ಬ್ರಿಟನ್ನಿನಲ್ಲಿ ವರ್ಜಿನ್ ಕಂಪನಿ ‘ಹಟ್’ ಎಂಬ ಇಂಡೀ ವೇಷದ ಲೇಬಲ್ಲನ್ನೇ ಹುಟ್ಟುಹಾಕಿತು. ಅದೇ ಹೊತ್ತಿನಲ್ಲಿ ನಿಜವಾದ ಜಾಲ ಕುಸಿಯುತ್ತಿತ್ತು. ರಫ್ ಟ್ರೇಡ್‌ನ ವಿತರಣಾ ಸಂಸ್ಥೆ 1991ರಲ್ಲಿ ಮುಳುಗಿತು, 1992ರಲ್ಲಿ ಫ್ಯಾಕ್ಟರಿ ದಿವಾಳಿಯಾಯಿತು. ವ್ಯಾನು ಹೋಯಿತು, ಸ್ವೆಟರು ಉಳಿಯಿತು.

ಈ ಗೊಂದಲ ಚೆನ್ನಾಗಿ ಕಾಣುವುದು ಓಕೆ ಗೋ ಬ್ಯಾಂಡಿನ ಕಥೆಯಲ್ಲಿ. 2006ರ ‘ಹಿಯರ್ ಇಟ್ ಗೋಸ್ ಅಗೇನ್’ ವಿಡಿಯೋವನ್ನು ನೀವೂ ನೋಡಿರಬಹುದು. ನಾಲ್ಕು ಜನ ಟ್ರೆಡ್‌ಮಿಲ್‌ಗಳ ಮೇಲೆ, ಒಂದೇ ಶಾಟ್‌ನಲ್ಲಿ, ಕಟ್ ಇಲ್ಲದೆ ಕುಣಿಯುತ್ತಾರೆ. ಗಾಯಕನ ಅಕ್ಕ ಟ್ರಿಶ್ ಸೀ ಹೇಳಿಕೊಟ್ಟ ಕುಣಿತ. ಯೂಟ್ಯೂಬಿನಲ್ಲಿ ಅದು ಹರಡಿದ ರೀತಿ ನೋಡಿ ಎಲ್ಲರೂ ಇದೇ ಅಪ್ಪಟ ಇಂಡೀ ಎಂದರು. ಆದರೆ ಅವರಿದ್ದದ್ದು ಇಎಂಐ ಕಂಪನಿಯಲ್ಲಿ. ಮುಂದೆ ಇಎಂಐ ಯೂಟ್ಯೂಬ್ ವಿಡಿಯೋಗಳನ್ನು ಬೇರೆ ಬ್ಲಾಗುಗಳಲ್ಲಿ ಅಂಟಿಸದಂತೆ ತಡೆಯಿತು. ಗಾಯಕ ಡೇಮಿಯನ್ ಕುಲಾಶ್ 2010ರ ಫೆಬ್ರುವರಿಯಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯಲ್ಲಿ ಅದನ್ನು ವಿರೋಧಿಸಿ ಬರೆದರು. ಮಾರ್ಚ್‌ನಲ್ಲಿ ಕಂಪನಿ ಬಿಟ್ಟು ಸ್ವಂತ ಲೇಬಲ್ ಕಟ್ಟಿದರು. ಅಂದರೆ ಇಂಡೀ ಎಂದು ಹೆಸರಾದ ಎಷ್ಟೋ ವರ್ಷಗಳ ಮೇಲೆ ಅವರು ಇಂಡೀ ಆದದ್ದು! ಆ ಹೊತ್ತಿಗೆ ಬಂದ ಅವರ ದೊಡ್ಡ ವಿಡಿಯೋಗೆ ದುಡ್ಡು ಹಾಕಿದ್ದು ಒಂದು ವಿಮಾ ಕಂಪನಿ.

ನಮ್ಮಲ್ಲಿ

ಇಂಡೀ ಎಂಬ ಪದ ನಮ್ಮ ದೇಶಕ್ಕೆ ಬರುವಾಗ ಮತ್ತೊಂದು ಅರ್ಥ ಹೊತ್ತುಕೊಂಡಿತು. ಇಲ್ಲಿ ಅದರ ಎದುರು ಪದ ದೊಡ್ಡ ಕಂಪನಿ ಅಲ್ಲ, ಸಿನಿಮಾ. ಸಿನಿಮಾದ್ದಲ್ಲದ ಹಾಡೆಲ್ಲ ಇಂಡೀ. 2008ರಲ್ಲಿ ರಘು ದೀಕ್ಷಿತ್ ಅವರ ಮೊದಲ ಆಲ್ಬಂ ಬಂದಾಗ ಶಿಶುನಾಳ ಷರೀಫರ ಪದಗಳು ಗಿಟಾರಿನ ಜೊತೆ ಕಾಲೇಜು ಹುಡುಗರ ಬಾಯಿಗೆ ಬಂದವು. ಅದನ್ನು ಹೊರತಂದದ್ದು ಹಿಂದಿ ಸಿನಿಮಾದ ಸಂಗೀತ ಜೋಡಿ ವಿಶಾಲ್-ಶೇಖರ್ ಕಟ್ಟಿದ ಲೇಬಲ್. ಸಿನಿಮಾದ ಹೊರಗೆ ನಿಲ್ಲಲು ಸಿನಿಮಾದವರೇ ಕೈಕೊಟ್ಟರು. ಇದರಲ್ಲಿ ತಪ್ಪೇನಿಲ್ಲ. ಆದರೆ ಸ್ವತಂತ್ರ ಎಂಬ ಪದ ಎಷ್ಟು ಜನರ ಹೆಗಲ ಮೇಲೆ ನಿಂತಿರುತ್ತದೆ ಎಂಬುದು ಇದರಿಂದ ಗೊತ್ತಾಗುತ್ತದೆ.

ಇವತ್ತು ಉತ್ತರ ಕರ್ನಾಟಕದ ಜಾನಪದ ಕಲಾವಿದರು ಹೊಲದ ಬದುವಿನಲ್ಲಿ, ಟ್ರ್ಯಾಕ್ಟರ್ ಮುಂದೆ ಹಾಡು ಚಿತ್ರಿಸಿ ತಮ್ಮದೇ ಚಾನೆಲ್ಲಿಗೆ ಹಾಕುತ್ತಿದ್ದಾರೆ. ಅವರನ್ನು ಯಾವ ಆಪ್ ಕೂಡ ಇಂಡೀ ಡಬ್ಬಿಯಲ್ಲಿ ಇಡುವುದಿಲ್ಲ. 1980ರ ಚಾರ್ಟಿನ ನಿಯಮದಿಂದ ಅಳೆದರೆ ಮೊದಲು ಇಡಬೇಕಾದದ್ದು ಅವರನ್ನೇ. ಅವರಿಗೂ ವ್ಯಾನಿನ ಪ್ರಶ್ನೆ ತಪ್ಪಿದ್ದಲ್ಲ, ಚಾನೆಲ್ ತಮ್ಮದಾದರೂ ಯೂಟ್ಯೂಬ್ ತಮ್ಮದಲ್ಲ.

ಪತ್ರಿಕೋದ್ಯಮ ಓದಿದ ನಮಗೆ ಸುದ್ದಿಯ ಕೆಳಗೆ ಸಣ್ಣ ಅಕ್ಷರದಲ್ಲಿ ಇರುವ ಮಾಲೀಕರ ಹೆಸರು ಓದುವ ಅಭ್ಯಾಸ ಇರಬೇಕು. ಹಾಡಿಗೂ ಅದನ್ನೇ ಮಾಡಬಹುದು. ವಿಡಿಯೋದ ಕೆಳಗಿನ ವಿವರದಲ್ಲಿ ಹಕ್ಕು ಯಾರದ್ದು, ಹಂಚುವವರು ಯಾರು ಅಂತ ಒಮ್ಮೆ ನೋಡಿ. ಅಲುಗಾಡುವ ಕ್ಯಾಮೆರಾ, ಹಳೇ ಸ್ವೆಟರು ಆ ಪ್ರಶ್ನೆಗೆ ಉತ್ತರ ಹೇಳುವುದಿಲ್ಲ. ಎಷ್ಟು ಖರ್ಚಾಯಿತು ಅಂತ ಕವರಿನ ಮೇಲೆ ಅಚ್ಚು ಹಾಕಿಸಿದ ಆ ಹುಡುಗರು ಮಾತ್ರ ಹೇಳಿದ್ದರು.