ಚನ್ನಪಟ್ಟಣದ ತಂತಿಯೂ ಮಹಾರಾಜರ ಪಿಯಾನೋವೂ

ಬೆಂಗಳೂರಿನಿಂದ ಮೈಸೂರಿಗೆ ಹೋಗುವ ದಾರಿಯಲ್ಲಿ ಚನ್ನಪಟ್ಟಣವು ಸಿಕ್ಕುತ್ತದೆ. ಅರಗು ಬಳಿದ ಮರದ ಬೊಂಬೆಗಳಿಂದ ಆ ಊರನ್ನು ಎಲ್ಲರೂ ಬಲ್ಲರು. ಆದರೆ 1800ರಲ್ಲಿ ಈ ಸೀಮೆಯನ್ನು ಸಂಚರಿಸಿದ ಬುಕನನ್ ಎಂಬ ವೈದ್ಯನು ಅಲ್ಲಿ ಮತ್ತೊಂದು ಕಸುಬನ್ನು ಕಂಡು ಬರೆದಿಟ್ಟಿದ್ದಾನೆ. ವಾದ್ಯಗಳಿಗೆ ಬೇಕಾದ ಉಕ್ಕಿನ ತಂತಿಯನ್ನು ಅಲ್ಲಿಯ ಕುಶಲಿಗಳು ಎಳೆಯುತ್ತಿದ್ದರು. ಅದು ದೂರ ದೂರದ ನಾಡುಗಳಿಗೂ ಹೋಗುತ್ತಿದ್ದಿತು.

ವೀಣೆಗೆ ಏಳು ತಂತಿಗಳು ಸಾಕು. ಪಿಯಾನೋವಿಗಾದರೋ ಸುಮಾರು 230 ಬೇಕು. ಅದರ 88 ಕೀಲಿಗಳಲ್ಲಿ ಒಂದನ್ನು ಒತ್ತಿದೊಡನೆ ಉಣ್ಣೆಯ ಹೊದಿಕೆಯುಳ್ಳ ಪುಟ್ಟ ಸುತ್ತಿಗೆಯು ತಂತಿಯನ್ನು ಹೊಡೆದು ನಾದವನ್ನೆಬ್ಬಿಸುತ್ತದೆ. ಈ ಪರದೇಶದ ವಾದ್ಯಕ್ಕೆ ಮನಸೋತವರು ನಮ್ಮ ಅರಮನೆಯಲ್ಲಿಯೇ ಇದ್ದರು. 1919ರಲ್ಲಿ ಜನಿಸಿದ ಜಯಚಾಮರಾಜೇಂದ್ರ ಒಡೆಯರು ಸಭೆಗಳಲ್ಲಿ ನುಡಿಸುವ ಪಿಯಾನೋ ವಾದಕರಾಗಬೇಕೆಂದು ಹಂಬಲಿಸಿದ್ದರು. 1939ರಲ್ಲಿ ಯೂರೋಪಿಗೆ ಹೋದಾಗ ರಾಖ್ಮನಿನಾಫನನ್ನು ಕಂಡು ಬಂದರು.

ಆದರೆ 1940ರ ಮಾರ್ಚಿಯಲ್ಲಿ ತಂದೆಯವರೂ, ಆಗಸ್ಟಿನಲ್ಲಿ ದೊಡ್ಡಪ್ಪನವರಾದ ನಾಲ್ವಡಿ ಕೃಷ್ಣರಾಜ ಒಡೆಯರೂ ತೀರಿಕೊಂಡರು. ಇಪ್ಪತ್ತೊಂದರ ವಯಸ್ಸಿನಲ್ಲಿ ರಾಜ್ಯಭಾರವು ಹೆಗಲೇರಿತು. ವಾದಕನ ಬಾಳು ಆರಂಭದಲ್ಲಿಯೇ ನಿಂತಿತು. ಅಭ್ಯಾಸವು ಮಾತ್ರ ನಿಲ್ಲಲಿಲ್ಲ. 1945ರಲ್ಲಿ ಲಂಡನ್ನಿನ ಗಿಲ್ಡ್‌ಹಾಲ್ ಶಾಲೆಯ ಪದವಿಯೂ ಟ್ರಿನಿಟಿ ಕಾಲೇಜಿನ ಫೆಲೋ ಎಂಬ ಗೌರವವೂ ಅವರಿಗೆ ಸಂದವು.

ತಾವು ಏರಲಾಗದ ವೇದಿಕೆಯನ್ನು ಅವರು ಇತರರಿಗೆ ಕಟ್ಟಿಕೊಟ್ಟರು. ಲಂಡನ್ನಿನಲ್ಲಿ ಮರೆವಿಗೆ ಸಂದಿದ್ದ ರಷ್ಯದ ಮೆಟ್ನರ್ ಎಂಬ ವೃದ್ಧ ರಚನಕಾರನು ತನ್ನ ಕೃತಿಗಳನ್ನು ತಾನೇ ನುಡಿಸಿ ಧ್ವನಿಮುದ್ರಿಸುವಂತೆ ಧನವಿತ್ತರು. ಆತನು ತನ್ನ ಮೂರನೆಯ ಪಿಯಾನೋ ಕಾಂಚರ್ಟೋವನ್ನು ಅವರಿಗೆ ಅರ್ಪಿಸಿದನು. 1950ರ ಮೇ 22ರಂದು ರಿಚರ್ಡ್ ಸ್ಟ್ರೌಸನ ಕಡೆಯ ನಾಲ್ಕು ಗೀತೆಗಳು ಲಂಡನ್ನಿನಲ್ಲಿ ಮೊದಲ ಬಾರಿ ಕೇಳಿಬಂದುದಕ್ಕೂ ಅವರ ನೆರವೇ ಆಧಾರ.

ಮೈಸೂರಿನ ಹಣವು ಲಂಡನ್ನಿಗೆ ಏಕೆ ಹೋಗಬೇಕಾಗಿತ್ತು ಎಂದು ಕೇಳುವವರುಂಟು. ಪ್ರಶ್ನೆಯು ಅನ್ಯಾಯವಾದುದಲ್ಲ. ಆದರೆ ಅವರು ನಮ್ಮ ಸಂಗೀತವನ್ನು ತೊರೆದವರಲ್ಲವೆಂಬುದನ್ನೂ ನೆನೆಯಬೇಕು. ಶ್ರೀವಿದ್ಯಾ ಮುದ್ರಿಕೆಯಿಂದ 94 ಕರ್ಣಾಟಕ ಕೃತಿಗಳನ್ನು ರಚಿಸಿದರು. 1966ರಲ್ಲಿ ಸಂಗೀತ ನಾಟಕ ಅಕಾಡೆಮಿಯು ಅವರನ್ನು ಫೆಲೋ ಆಗಿ ಆರಿಸಿ ಗೌರವಿಸಿತು. 1974ರಲ್ಲಿ ಅವರು ಕಾಲವಾದರು.

ಮೆಟ್ನರನ ಬೆರಳಿನ ನಾದವು ಇಂದಿಗೂ ಕೇಳಲು ದೊರೆಯುತ್ತದೆ. ಒಬ್ಬ ಅರಸನು ಕೈ ಹಿಡಿದುದರಿಂದ ಅದು ಉಳಿಯಿತು. ಚನ್ನಪಟ್ಟಣದಲ್ಲಿ ತಂತಿಯೆಳೆದವರ ಹೆಸರುಗಳನ್ನಾದರೋ ಯಾರೂ ಬರೆದಿಡಲಿಲ್ಲ. ಇನ್ನು ಆ ಊರನ್ನು ಹಾದು ಹೋಗುವಾಗ, ಬೊಂಬೆಯನ್ನು ಕೊಳ್ಳುವವರು ಆ ತಂತಿಯನ್ನೂ ಒಮ್ಮೆ ಸ್ಮರಿಸುವುದು ಉಚಿತ.