ಗ್ರುನ್‌ಫೆಲ್ಡನಿಗಿಂತ ಮೊದಲು, ಕಲ್ಕತ್ತೆಯಲ್ಲಿ

ಹಳೆಯ ಚದುರಂಗದ ಪಂದ್ಯಗಳ ಸಂಗ್ರಹವನ್ನು ತಿರುವಿದರೆ ನಮಗೊಂದು ವಿಚಿತ್ರ ಎದುರಾಗುತ್ತದೆ. 1855ರ ಮೇ ತಿಂಗಳಲ್ಲಿ ಕಲ್ಕತ್ತೆಯಲ್ಲಿ ನಡೆದ ಆಟವೊಂದರ ಆರಂಭಕ್ಕೆ ಅಲ್ಲಿ ‘ಗ್ರುನ್‌ಫೆಲ್ಡ್ ರಕ್ಷಣೆ’ ಎಂದು ಹೆಸರು. ವಿಯೆನ್ನಾದ ಎರ್ನ್‌ಸ್ಟ್ ಗ್ರುನ್‌ಫೆಲ್ಡ್ ಹುಟ್ಟಿದ್ದೇ 1893ರಲ್ಲಿ!

ಬಿಳಿಯ ಕಾಯಿಗಳನ್ನು ನಡೆಸಿದವರು ಕಲ್ಕತ್ತೆಯಲ್ಲಿದ್ದ ಸ್ಕಾಟಿಷ್ ವಕೀಲ ಜಾನ್ ಕಾಕ್ರೇನ್; ಕರಿಯವನ್ನು ಮಹೇಶಚಂದ್ರ ಬಂದ್ಯೋಪಾಧ್ಯಾಯ. ನಗರದಿಂದ ದೂರದ ಸೀಮೆಯಲ್ಲಿ ಸೋಲರಿಯದ ಆಟಗಾರನೆಂದು ಹೆಸರಾಗಿದ್ದ ಇವರು ಇಂದು ನಮಗೆ ಪರಿಚಿತರಾಗಿರುವುದು ಬಹುಪಾಲು ಕಾಕ್ರೇನ್ ದಾಖಲಿಸಿದ ಆಟಗಳಿಂದ. ಅವುಗಳಲ್ಲಿ ಹಲವೆಡೆ ಇವರು ಬರಿಯ ‘ಬ್ರಾಹ್ಮಣ’.

ನಮ್ಮ ದೇಶದ ಹಳೆಯ ಆಟದಲ್ಲಿ ಕಾಲಾಳು ಮೊದಲ ನಡೆಯಲ್ಲೂ ಒಂದೇ ಮನೆ ಮುಂದುವರಿಯುತ್ತಿತ್ತು; ಕ್ಯಾಸ್ಲಿಂಗ್ ಬದಲು ರಾಜನಿಗೆ ಒಂದು ಬಾರಿ ಕುದುರೆಯ ನೆಗೆತವಿತ್ತು. (ಅದೇ ಕಾಲದಲ್ಲಿ ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಕುದುರೆಯನ್ನು ಎಲ್ಲ ಮನೆಗಳಲ್ಲೂ ಸುತ್ತಿಸುವ ಬಂಧಗಳನ್ನು ರಚಿಸುತ್ತಿದ್ದರು.) ಹಾಗೆ ಬೆಳೆದ ಕೈಗೆ ಕಾಲಾಳನ್ನು ಒಂದು ಮನೆ ಸರಿಸಿ, ಅದರ ಹಿಂದೆ ಒಂಟೆಯನ್ನು ಮೂಲೆಗೆ ಇಡುವುದು ಸಹಜವಾಗಿತ್ತು. ಯುರೋಪಿನವರು ನಡುವಣ ಮನೆಗಳಲ್ಲಿ ಕಾಲಾಳುಗಳನ್ನು ನಿಲ್ಲಿಸಿ ಕಾದಾಡುತ್ತಿದ್ದ ದಿನಗಳವು. ಆದರೆ ಎಲ್ಲವನ್ನೂ ಹಳೆಯ ನಿಯಮದ ತಲೆಗೆ ಕಟ್ಟುವುದು ಸರಿಯಲ್ಲವೆಂದು ನಮಗನಿಸುತ್ತದೆ. ಈ ಆಟದ ಮೂರನೆಯ ನಡೆಯಲ್ಲಿ ಮಹೇಶಚಂದ್ರರು ಮಂತ್ರಿಯ ಮುಂದಿನ ಕಾಲಾಳನ್ನು ಎರಡು ಮನೆ ನೂಕಿದರು. ಹಳೆಯ ಅಭ್ಯಾಸ ಹೇಳಿಕೊಡದ ನಡೆಯದು. ಎದುರಾಳಿ ನಡುಭಾಗವನ್ನು ಹಿಡಿಯಲಿ, ಆಮೇಲೆ ದೂರದ ಒಂಟೆಯಿಂದ ಅದನ್ನು ಕೊರೆಯೋಣ ಎಂಬ ಆಲೋಚನೆ ಅದರಲ್ಲಿದೆ. ಗ್ರುನ್‌ಫೆಲ್ಡ್ 1922ರಲ್ಲಿ ವಿಯೆನ್ನಾದಲ್ಲಿ ಅಲೆಖಿನ್ ಅವರನ್ನು ಸೋಲಿಸಿದ್ದೂ ಇದೇ ಆಲೋಚನೆಯಿಂದ.

ಕಲ್ಕತ್ತೆಯ ಆ ಆಟದಲ್ಲಿ ಗೆದ್ದವರು ಕಾಕ್ರೇನ್. ಹದಿನೆಂಟನೆಯ ನಡೆಯಲ್ಲಿ ಮಹೇಶಚಂದ್ರರ ಕುದುರೆ ಬಿಳಿಯ ಮಂತ್ರಿಯ ಮೇಲೆ ಎರಗಿತು. ಆದರೆ ಅಷ್ಟರಲ್ಲಿ ಕಾಕ್ರೇನರ ಕುದುರೆ ಕರಿಯ ರಾಜನ ಮಗ್ಗುಲಿಗೆ ನುಗ್ಗಿಯಾಗಿತ್ತು. ಅಲ್ಲಿಂದ ಮೂರೇ ನಡೆಗಳ ಮಾತ್. ಮಂತ್ರಿಯನ್ನೇ ಬಲಿಕೊಟ್ಟು, ತನ್ನವರಿಂದಲೇ ಮುತ್ತಿದ ರಾಜನನ್ನು ಕುದುರೆಯಿಂದ ಕಟ್ಟುವ ಆ ಕೊನೆ ಎಷ್ಟು ಸೊಗಸೆಂದರೆ, ನೋಡುವವರ ಕಣ್ಣು ಅಲ್ಲೇ ನಿಂತುಬಿಡುತ್ತದೆ, ಮೂರನೆಯ ನಡೆಯತ್ತ ಹೊರಳುವುದಿಲ್ಲ.

ಕರಿಯ ಕುದುರೆಯನ್ನು ಮೊದಲಿಗೆ ಹೊರತರುವ ರಕ್ಷಣೆಗಳ ಇಡೀ ಕುಟುಂಬಕ್ಕೆ ‘ಇಂಡಿಯನ್’ ಎಂಬ ಹೆಸರು ಉಳಿದಿದೆ; ದೇಶಕ್ಕೆ ಸಂದದ್ದು ವ್ಯಕ್ತಿಗೆ ಸಲ್ಲಲಿಲ್ಲ. 2010ರಲ್ಲಿ ಸೋಫಿಯಾದ ವಿಶ್ವ ಚಾಂಪಿಯನ್‌ಷಿಪ್‌ನ ಮೊದಲ ಆಟದಲ್ಲಿ ಟೊಪಲೋವ್ ಎದುರು ವಿಶ್ವನಾಥನ್ ಆನಂದ್ ಕರಿಯ ಕಾಯಿಗಳಿಂದ ಆಡಿದ್ದೂ ಗ್ರುನ್‌ಫೆಲ್ಡನ್ನೇ. ಆ ದಿನ ಅವರೂ ಸೋತರು. ಪಟ್ಟವನ್ನು ಮಾತ್ರ ಉಳಿಸಿಕೊಂಡರು.