ಕೀಟ ಕಡಿತ: ಮನೆಮದ್ದು ಹಾಗೂ ಅಲರ್ಜಿಯ ಅಪಾಯ ಚಿಹ್ನೆಗಳು – ಸಾರ್ವಜನಿಕರಿಗೆ ಮಾಹಿತಿ

ಪೀಠಿಕೆ

ಯಾದಗಿರಿ ಜಿಲ್ಲೆಯ ಕಡೇಚೂರು ಹಾಗೂ ಸುತ್ತಲಿನ ಗ್ರಾಮಗಳಲ್ಲಿ ಹೊಲಗೆಲಸ ಮಾಡುವವರು, ಕಟ್ಟಡ ಕಾರ್ಮಿಕರು ಮತ್ತು ಕಟ್ಟಿಗೆ, ಕುಳ್ಳು ತೆಗೆಯುವ ಮಹಿಳೆಯರು ಜೇನುನೊಣ, ಕಣಜ, ಇರುವೆ ಹಾಗೂ ಚೇಳಿನ ಕಡಿತಕ್ಕೆ ಒಳಗಾಗುವ ಸಂಭವವಿರುತ್ತದೆ. ಬಹುತೇಕ ಕೀಟ ಕಡಿತಗಳು ಮನೆಯಲ್ಲಿಯೇ ಶಮನವಾಗುತ್ತವೆ. ಆದರೆ ಕೆಲವರಲ್ಲಿ ಒಂದೇ ಕಡಿತವು ತೀವ್ರ ಅಲರ್ಜಿಯನ್ನುಂಟುಮಾಡಿ ಕೆಲವೇ ನಿಮಿಷಗಳಲ್ಲಿ ಪ್ರಾಣಕ್ಕೆ ಅಪಾಯ ತರಬಹುದು. ಈ ಎರಡರ ವ್ಯತ್ಯಾಸವನ್ನು ಪ್ರತಿಯೊಂದು ಕುಟುಂಬವೂ ತಿಳಿದಿರುವುದು ಅವಶ್ಯಕ.

ಮನೆಯಲ್ಲಿ ಕೈಗೊಳ್ಳಬೇಕಾದ ಕ್ರಮಗಳು

1. ಕಡಿತಕ್ಕೊಳಗಾದವರನ್ನು ಆ ಸ್ಥಳದಿಂದ ದೂರ ಕರೆದೊಯ್ಯಬೇಕು.
2. ಜೇನುನೊಣದ ಮುಳ್ಳು ಚರ್ಮದಲ್ಲಿಯೇ ಉಳಿದು ವಿಷವನ್ನು ಬಿಡುತ್ತಿರುತ್ತದೆ. ಅದನ್ನು ಉಗುರಿನಿಂದ ಕೆರೆದಾಗಲಿ, ಕಿತ್ತಾಗಲಿ ತಕ್ಷಣ ತೆಗೆಯಬೇಕು. ಇಲ್ಲಿ ವಿಧಾನಕ್ಕಿಂತ ಶೀಘ್ರತೆ ಮುಖ್ಯ. ಕಣಜವು ಸಾಮಾನ್ಯವಾಗಿ ಮುಳ್ಳನ್ನು ಬಿಡುವುದಿಲ್ಲ.
3. ಕಡಿತದ ಜಾಗವನ್ನು ಸಾಬೂನು ಮತ್ತು ಶುದ್ಧ ನೀರಿನಿಂದ ತೊಳೆಯಬೇಕು.
4. ಬಾವು ಏರುವ ಮುನ್ನವೇ ಉಂಗುರ, ಬಳೆ, ಕಾಲುಂಗುರಗಳನ್ನು ತೆಗೆಯಬೇಕು.
5. ತಣ್ಣೀರಿನಲ್ಲಿ ಅದ್ದಿದ ಬಟ್ಟೆಯನ್ನು ಅಥವಾ ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು 10 ರಿಂದ 15 ನಿಮಿಷ ಇಡಬೇಕು. ಕೈ ಅಥವಾ ಕಾಲಾದಲ್ಲಿ ಎತ್ತರಿಸಿ ಇರಿಸಬೇಕು.

ಅರಿಶಿನ ಅಥವಾ ತುಳಸಿ ರಸ ಲೇಪಿಸುವುದು ರೂಢಿಯಲ್ಲಿದೆ. ಗಾಯವಾಗದ ಚರ್ಮಕ್ಕೆ ಇವುಗಳಿಂದ ಸಾಮಾನ್ಯವಾಗಿ ಹಾನಿಯಿಲ್ಲವಾದರೂ ಇವು ವಿಷವನ್ನು ಇಳಿಸುವ ಔಷಧಿಗಳಲ್ಲ. ತೇಯ್ದ ಹುಣಸೆ ಬೀಜವನ್ನು ಅಂಟಿಸಿದರೂ ವಿಷ ಹೊರಬರುವುದಿಲ್ಲ.

ಮಾಡಬಾರದ ಕ್ರಮಗಳು

ಬ್ಲೇಡಿನಿಂದ ಕೊಯ್ಯುವುದು, ಬಾಯಿಂದ ಹೀರುವುದು, ಹಗ್ಗದಿಂದ ಬಿಗಿದು ಕಟ್ಟುವುದು, ಸೀಮೆಎಣ್ಣೆ, ಸುಣ್ಣ ಅಥವಾ ಜಜ್ಜಿದ ಹಸಿ ಬೆಳ್ಳುಳ್ಳಿ ಹಚ್ಚುವುದು ಸರಿಯಲ್ಲ. ಇವುಗಳಿಂದ ಗಾಯ, ಸೋಂಕು ಅಥವಾ ಚರ್ಮದ ಸುಟ್ಟಗಾಯ ಉಂಟಾಗಬಹುದು.

ಸಾಮಾನ್ಯ ಬಾವು ಮತ್ತು ತೀವ್ರ ಅಲರ್ಜಿ: ವ್ಯತ್ಯಾಸ

ಕಡಿದ ಜಾಗದ ಸುತ್ತ ಕೆಂಪಾಗುವುದು, ಉರಿ, ತುರಿಕೆ ಮತ್ತು ಬಾವು ಸಾಮಾನ್ಯ. ಬಾವು ಒಂದೆರಡು ದಿನ ಹೆಚ್ಚಿ, ಸುಮಾರು ಒಂದು ವಾರದಲ್ಲಿ ಇಳಿಯಬಹುದು. ದಿನ ಕಳೆದಂತೆ ಕೆಂಪು ಹರಡಿ, ಕೀವು ಅಥವಾ ಜ್ವರ ಕಂಡುಬಂದಲ್ಲಿ ಸೋಂಕಿನ ಶಂಕೆಯಿಂದ ವೈದ್ಯರಿಗೆ ತೋರಿಸಬೇಕು.

ಕಡಿದ ಜಾಗವನ್ನು ಬಿಟ್ಟು ದೇಹದ ಇತರ ಭಾಗಗಳಲ್ಲಿ ಲಕ್ಷಣಗಳು ಕಾಣಿಸಿದರೆ ಅದು ಅಪಾಯದ ಸೂಚನೆ. ಅವುಗಳೆಂದರೆ:

• ಮೈತುಂಬ ದದ್ದು, ತುರಿಕೆ
• ತುಟಿ, ನಾಲಿಗೆ, ಮುಖ ಊದಿಕೊಳ್ಳುವುದು. ದನಿ ಒಡೆಯುವುದು, ನುಂಗಲು ಕಷ್ಟವಾಗುವುದು
• ಉಸಿರಾಟದ ತೊಂದರೆ, ಎದೆಯಲ್ಲಿ ಸಿಳ್ಳಿನಂತಹ ಶಬ್ದ
• ವಾಂತಿ, ಹೊಟ್ಟೆನೋವು, ಭೇದಿ
• ತಲೆಸುತ್ತು, ಕ್ಷೀಣ ನಾಡಿ, ಪ್ರಜ್ಞೆ ತಪ್ಪುವುದು

ಕೆಲವರಲ್ಲಿ ದದ್ದು ಕಾಣಿಸದೆಯೇ ನೇರವಾಗಿ ಉಸಿರಾಟ ಅಥವಾ ರಕ್ತದೊತ್ತಡ ಕುಸಿಯಬಹುದು. ಆದ್ದರಿಂದ ದದ್ದಿಗಾಗಿ ಕಾಯಬಾರದು. ಬಾಯಿ ಅಥವಾ ಗಂಟಲಿನಲ್ಲಿ ಕಡಿದಾಗ ಹಾಗೂ ಜೇನುಹುಳುಗಳು ಹಿಂಡಾಗಿ ದಾಳಿ ಮಾಡಿದಾಗ ಲಕ್ಷಣವಿಲ್ಲದಿದ್ದರೂ ಆಸ್ಪತ್ರೆಗೆ ತೆರಳಬೇಕು.

ತುರ್ತು ಸಂದರ್ಭದಲ್ಲಿ

1. 108 ಸಂಖ್ಯೆಗೆ ಉಚಿತವಾಗಿ ಕರೆ ಮಾಡಿ ಗ್ರಾಮದ ಹೆಸರು, ಸ್ಥಳದ ಗುರುತು, ಕಡಿದ ಸಮಯ ಮತ್ತು ಲಕ್ಷಣಗಳನ್ನು ತಿಳಿಸಬೇಕು. ಪಡಿತರ ಚೀಟಿ ಅಥವಾ ಇತರ ದಾಖಲೆ ಹುಡುಕುತ್ತ ಕಾಲಹರಣ ಮಾಡಬಾರದು.
2. ರೋಗಿಯನ್ನು ಅಂಗಾತ ಮಲಗಿಸಿ ಕಾಲುಗಳನ್ನು ಎತ್ತರಿಸಬೇಕು. ಉಸಿರಾಟ ಕಷ್ಟವಾದಲ್ಲಿ ಕೂರಿಸಬಹುದು. ವಾಂತಿಯಾಗುತ್ತಿದ್ದರೆ ಅಥವಾ ಪ್ರಜ್ಞೆ ತಪ್ಪಿದ್ದರೆ ಪಕ್ಕಕ್ಕೆ, ಗರ್ಭಿಣಿಯರನ್ನು ಎಡಮಗ್ಗುಲಿಗೆ ಮಲಗಿಸಬೇಕು. ನಿಲ್ಲಿಸುವುದಾಗಲಿ, ನಡೆಸುವುದಾಗಲಿ ಕೂಡದು.
3. ತೀವ್ರ ಅಲರ್ಜಿಗೆ ಮೊದಲ ಔಷಧಿ ತೊಡೆಯ ಸ್ನಾಯುವಿಗೆ ನೀಡುವ ಅಡ್ರಿನಲಿನ್ ಚುಚ್ಚುಮದ್ದು. ಅಲರ್ಜಿ ಮಾತ್ರೆ ತುರಿಕೆಯನ್ನಷ್ಟೇ ಕಡಿಮೆ ಮಾಡುತ್ತದೆ. ಅದನ್ನು ನಂಬಿ ತಡಮಾಡಬಾರದು.
4. ಲಕ್ಷಣಗಳು ಕೆಲವು ಗಂಟೆಗಳ ನಂತರ ಮರುಕಳಿಸಬಹುದಾದ್ದರಿಂದ ಗುಣವೆನಿಸಿದರೂ ವೈದ್ಯರು ತಿಳಿಸುವವರೆಗೆ ಆಸ್ಪತ್ರೆಯಲ್ಲಿಯೇ ಇರಬೇಕು.

ಚೇಳಿನ ಕಡಿತ

ಚೇಳು ಕೀಟವಲ್ಲ, ಅದರ ವಿಷದ ಪರಿಣಾಮ ಅಲರ್ಜಿಗಿಂತ ಭಿನ್ನ. ಕೆಂಪು ಚೇಳು ಕಡಿದಾಗ ವಿಪರೀತ ಬೆವರು, ವಾಂತಿ, ಕೈಕಾಲು ತಣ್ಣಗಾಗುವುದು ಮತ್ತು ಉಸಿರಾಟದ ತೊಂದರೆ ಕಂಡುಬರಬಹುದು. ಮಕ್ಕಳಿಗೆ ಅಪಾಯ ಹೆಚ್ಚು. ಮಹಾರಾಷ್ಟ್ರದ ಮಹಾಡ್‌ನಲ್ಲಿ ಡಾ. ಹಿಮ್ಮತ್‌ರಾವ್ ಬಾವಸ್ಕರ್ ಅವರು 1980ರ ದಶಕದಲ್ಲಿ ಪ್ರಾಜೋಸಿನ್ ಮಾತ್ರೆಯ ಉಪಯುಕ್ತತೆಯನ್ನು ತೋರಿಸಿಕೊಟ್ಟರು. ಇದನ್ನು ವೈದ್ಯರ ನಿಗಾದಲ್ಲಿ ಮಾತ್ರ ನೀಡತಕ್ಕದ್ದು.

ನಮ್ಮ ಜಿಲ್ಲೆಯ ಕಂದಕೂರಿನ ಬೆಟ್ಟದಲ್ಲಿ ನಾಗರಪಂಚಮಿಯಂದು ಭಕ್ತರು ಚೇಳುಗಳನ್ನು ಕೈಯಲ್ಲಿ ಹಿಡಿಯುವ ಆಚರಣೆಯಿದೆ. ಇದನ್ನು ಕಂಡು ಚೇಳಿನ ಕಡಿತ ಅಪಾಯರಹಿತವೆಂದು ಭಾವಿಸಬಾರದು. ಕಡಿತಕ್ಕೊಳಗಾದ ಮಕ್ಕಳನ್ನು ನೋವು ಕಡಿಮೆಯಿದ್ದರೂ ಆಸ್ಪತ್ರೆಗೆ ಕರೆದೊಯ್ಯಬೇಕು.

ಮುನ್ನೆಚ್ಚರಿಕೆ

ಹೊಲದಲ್ಲಿ ಪಾದರಕ್ಷೆ ಧರಿಸುವುದು, ಕೌದಿ ಹಾಗೂ ಬೂಟುಗಳನ್ನು ಕೊಡವಿ ಬಳಸುವುದು, ಕಲ್ಲು, ಕಟ್ಟಿಗೆಗಳ ಸಂದಿಯಲ್ಲಿ ಬರಿಗೈ ಹಾಕದಿರುವುದು ಮತ್ತು ಜೇನುಗೂಡನ್ನು ಕೆಣಕದಿರುವುದು ಸೂಕ್ತ. ಒಮ್ಮೆ ತೀವ್ರ ಅಲರ್ಜಿಯಾದವರು ಆ ವಿಷಯವನ್ನು ಮನೆಯವರಿಗೂ ಜೊತೆಗೆ ಕೆಲಸ ಮಾಡುವವರಿಗೂ ತಿಳಿಸಿರಬೇಕು. ಮುಂದಿನ ಕಡಿತದಲ್ಲಿ ಅವರೇ ಮೊದಲು ನೆರವಾಗುವವರು.